ನನಗಿಲ್ಲದ ಅಕ್ಕ

ನವೆಂಬರ್ ೧೪, ಗುರುವಾರ

ಚಿನ್ನೂ,

ನೀನು ಆರೋಗ್ಯವಾಗಿದ್ದೀಯ ಅಂದುಕೊಂಡು ಪೆನ್ನು ಹಿಡಿದಿದ್ದೇನೆ. ನೀನು ಫೋನು ಮಾಡಿದಾಗಲೆಲ್ಲ ನಿಮ್ಮಪ್ಪನ ಕೈಲಿ "ಮಲಗಿದ್ದಾಳೆ" ಅಂತ ಹೇಳಿಸಿದೆ. ಮಟಮಟ ಮಧ್ಯಾಹ್ನ ನಾನು ಮಲಗುವವಳಲ್ಲ ಅಂತ ನಿನಗೂ ಗೊತ್ತು. ತಡವಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದ ಪೂರ್ತಿ ಹೇಳೋಕೆ ಬಿಡುತ್ತೆ.

ನಿಮ್ಮಪ್ಪನ ಮಂಡಿನೋವು ಇದ್ದಹಾಗೇ ಇದೆ. ನೀನು ಹೇಳಿಕೊಟ್ಟ ವ್ಯಾಯಾಮ ಮಾಡಿ ಅಂದರೆ "ನಾಳೆಯಿಂದ" ಅನ್ನುತ್ತಾರೆ. ಅವರ ನಾಳೆಗೆ ಮುಪ್ಪೂ ಇಲ್ಲ, ಸಾವೂ ಇಲ್ಲ. ಒಂದು ತಿಂಗಳು ಇರುತ್ತೇನೆ ಅಂತ ಹೋದವಳು ಅರ್ಧಕ್ಕೇ ಯಾಕೆ ಗಂಟುಮೂಟೆ ಕಟ್ಟಿದೆ ಅಂತ ಅವರೂ ಕೇಳಿದರು. ಚಳಿ ಒಗ್ಗಲಿಲ್ಲ ಅಂದೆ. ನಿನಗೂ ಅದನ್ನೇ ಹೇಳಿ ವಿಮಾನ ಹತ್ತಿದ್ದೆ. ಹೊಟ್ಟೆಯಲ್ಲಿ ಅಷ್ಟು ಕಿಚ್ಚು ಇಟ್ಟುಕೊಂಡವಳಿಗೆ ಚಳಿ ಎಲ್ಲಿಂದ ಬರಬೇಕು ಹೇಳು!

"ಮನೆ ಸುಟ್ಟುಹೋದ ಹೆಂಗಸರು ಅಮ್ಮಾ, ಹೊಲಿಗೆ ಕಲಿಸು ಬಾ. ಸಂಬಳ ಇಲ್ಲ, ಸಮಾಧಾನ ಇದೆ" ಅಂತ, ನೀನು ಮೈಕೈ ನೋವಿಗೆ ಆರೈಕೆ ಮಾಡುವ ಆ ನಿರಾಶ್ರಿತರ ಶಿಬಿರಕ್ಕೆ ಕರೆದವಳು ನೀನೇ. ಮಗಳ ಜೊತೆ ಒಂದಷ್ಟು ದಿನ ಇರಬಹುದು ಅನ್ನೋ ಆಸೆಗೆ ಬಂದೆ, ಸಮಾಧಾನಕ್ಕಲ್ಲ. ಬಂದ ಸಂಜೆಯೇ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದೆ. ಅಲ್ಲಿ ದುಪ್ಪಟಿಗಳಿಗೆ ಇಸ್ತ್ರಿ ಹಾಕುತ್ತಿದ್ದ ಮುದುಕಿಯ ಕುತ್ತಿಗೆಗೆ ಜೋತುಬಿದ್ದು, "ಇವರೇ ನನ್ನ ದೊಡ್ಡಮ್ಮ" ಅಂದೆ. ಅವಳೂ ಮನೆ ಕಳೆದುಕೊಂಡು ಅಲ್ಲೇ ಹಜಾರದಲ್ಲಿ ಮಲಗುವವಳು. ನಿನಗೆ ದೊಡ್ಡಮ್ಮ ಅಂದರೆ ನನಗೆ ಅಕ್ಕ ಆಗಬೇಕು. ನಾನು ಒಬ್ಬಳೇ ಹುಟ್ಟಿದವಳು. ಇಲ್ಲದ ಅಕ್ಕನನ್ನು ಹುಡುಕಿಕೊಡೋಕೆ ನೀನು ಸಮುದ್ರ ದಾಟಬೇಕಾಯಿತು ನೋಡು.

ಆಮೇಲೆ ದಿನಾ ಸಂಜೆ ಅದೇ ನಡೆಯಿತು. ನೀನು ಅವಳ ಮಣಿಕಟ್ಟು ನೀವುತ್ತಾ ಕೂರುತ್ತಿದ್ದೆ, ಅವಳು ಅವಳ ಭಾಷೆಯಲ್ಲಿ ಬಾಲ್ಯ ಹೇಳುತ್ತಿದ್ದಳು. ನಾನು ಗೋಡೆಗೆ ಒರಗಿಸಿಟ್ಟ ಛತ್ರಿಯ ಹಾಗೆ ಪಕ್ಕದಲ್ಲಿರುತ್ತಿದ್ದೆ. ಆಗೀಗ ನೀನು ನನ್ನ ಕಡೆ ತಿರುಗಿ ಹೇಳುತ್ತಿದ್ದೆ: "ಅಮ್ಮಾ, ಚಿಕ್ಕವರಿದ್ದಾಗ ಹಸಿವಾದ್ರೆ ನೀರು ಕುಡಿದು ಮಲಗ್ತಿದ್ರಂತೆ. ನಮಗೆ ಊಹೆಯಾದ್ರೂ ಮಾಡ್ಕೊಳೋಕೆ ಆಗುತ್ತಾ?"

ನಮಗೆ! ಆ ಮಾತಿನಲ್ಲಿ ನನ್ನನ್ನೂ ಸೇರಿಸಿಬಿಟ್ಟೆ.

ಗಿರಣಿಯ ಹಿಂದಿನ ಕೋಣೆಯಲ್ಲಿ ಬೆಳೆದವಳು ಕಣೇ ನಾನು. ಸಂಜೆ ಯಂತ್ರ ನಿಂತ ಮೇಲೆ ನಮ್ಮಮ್ಮ ಅದರ ಅಡಿಯಿಂದ ಗುಡಿಸಿ ತಂದ ಹಿಟ್ಟೇ ನಮ್ಮ ಊಟ. ಎಷ್ಟು ಜರಡಿ ಹಿಡಿದರೂ ಹಲ್ಲಿಗೆ ಮರಳು ಸಿಗುತ್ತಿತ್ತು. "ಉಗುಳಬೇಡ, ಹಿಟ್ಟೂ ಹೋಗುತ್ತೆ, ನುಂಗು" ಅನ್ನುತ್ತಿದ್ದಳು. ನಿನಗೆ ಇದನ್ನು ಹೇಳೋಣ ಅಂತ ಬಾಯಿ ತೆರೆದಾಗಲೆಲ್ಲ "ಶುರುವಾಯ್ತು ಅಮ್ಮನ ಗಿರಣಿ ಪುರಾಣ" ಅಂತ ನಗುತ್ತಾ ಎದ್ದು ಹೋಗುತ್ತಿದ್ದೆ. ಅವಳ ಪುರಾಣಕ್ಕೆ ಮಾತ್ರ ನೀನು ಕಣ್ಣು ಒದ್ದೆ ಮಾಡಿಕೊಂಡು ಕೂತೆ. ನನ್ನ ಹತ್ತಿರ ಇದ್ದದ್ದೇ ಒಂದು ಬಡತನ, ಅದನ್ನೂ ಅವಳೇ ಹೊಡೆದುಕೊಂಡಳಲ್ಲ ಅನ್ನಿಸಿತು.

ಒಂದು ದಿನ ಶಿಬಿರದ ಅಡುಗೆಮನೆಯಲ್ಲಿ ನಾನು ಹಿಟ್ಟನ್ನು ಎರಡನೇ ಸಲ ಜರಡಿ ಹಿಡಿಯುತ್ತಿದ್ದೆ. ನೀನು ಬಂದು ಎಲ್ಲರೆದುರೇ ಅಂದೆ: "ಅಮ್ಮಾ, ಇಲ್ಲಿನ ಹಿಟ್ಟಿಗೆ ಕೊಂಕು ತೆಗೀಬೇಡ. ಅನುಕೂಲವಾಗಿ ಬದುಕಿದೋರಿಗೆ ಇದೆಲ್ಲ ಅರ್ಥ ಆಗಲ್ಲ."

ಅನುಕೂಲ ಸುಳ್ಳಲ್ಲ. ನಿಮ್ಮಪ್ಪನ ಅಂಗಡಿ ಕೈ ಹಿಡಿಯಿತು, ನಾನು ದಪ್ಪ ಹಾಸಿಗೆಯಲ್ಲಿ ಮಲಗಿ ದಪ್ಪಗಾದೆ. ಅಲ್ಲಿ ನನ್ನ ಕೋಣೆಗೇ ಒಂದು ಹೀಟರ್ ಇತ್ತು. ಹಜಾರದ ಅಷ್ಟೂ ಹೆಂಗಸರಿಗೆ ಇದ್ದದ್ದೂ ಒಂದೇ. ಒಂದು ದಿನ ಅವಳ ಮಂಚದ ಹತ್ತಿರ ನಿಂತಾಗ ಚಳಿಗೆ ಕಾಲು ಜೋಮು ಹಿಡಿಯಿತು. ನನ್ನ ಕೋಣೆಯಲ್ಲಿ ಮಲಗು ಬಾ ಅನ್ನಬಹುದಿತ್ತು. ಹೋಗಿ ನನ್ನ ಹೀಟರ್ ಮುಂದೆ ಕಾಲು ಕಾಯಿಸಿಕೊಂಡೆ. ಇವಳಿಗೆ ಮಗಳನ್ನೂ ಕೊಟ್ಟು ಕೋಣೆಯನ್ನೂ ಕೊಡಬೇಕೇ ಅನ್ನಿಸಿತು. ಹಸಿವು ಕಂಡವರಿಗೆ ಕರುಣೆ ಜಾಸ್ತಿ ಅಂತಾರಲ್ಲ, ನನ್ನನ್ನು ನೋಡಿ ಹೇಳಿದ ಮಾತಲ್ಲ ಅದು.

ಇನ್ನು ಶಾಲಿನ ವಿಷಯ. ನಿನ್ನ ಹುಟ್ಟಿದ ದಿನಕ್ಕೆ ಅಂತ ಕಣ್ಣು ನೋಯಿಸಿಕೊಂಡು ಹೆಣೆದ ನೀಲಿ ಶಾಲು ಅದು. ಬಟ್ಟೆ ಒಣಗಿಸುವ ಅಂಗಳದಲ್ಲಿ ಅದನ್ನು ಅವಳ ಹೆಗಲ ಮೇಲೆ ಕಂಡೆ. ಭಾಷೆ ಬರುವುದಿಲ್ಲವಲ್ಲ, ಹೋಗಿ ಒಂದು ತುದಿ ಹಿಡಿದು ಎಳೆದೆ. ಅವಳು ಸುಮ್ಮನೆ ಬಿಟ್ಟುಕೊಡುತ್ತಾಳೆ ಅಂದುಕೊಂಡಿದ್ದೆ. ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು ಅವಳ ಕಡೆಗೆ ಎಳೆದಳು. ಆ ಹಿಡಿತ ನನಗೆ ಗೊತ್ತಿತ್ತು ಕಣೇ. ಒಂದು ಸಲ ಕೈಗೆ ಬಂದದ್ದನ್ನು ಬಿಟ್ಟರೆ ಮತ್ತೆ ಸಿಗಲ್ಲ ಅನ್ನುವವರ ಹಿಡಿತ ಅದು. ನಂದೂ ಅದೇ. ಇಬ್ಬರು ಮುದುಕಿಯರು ಒದ್ದೆ ದುಪ್ಪಟಿಗಳ ನಡುವೆ ಹಗ್ಗಜಗ್ಗಾಟ ಆಡಿದೆವು. ಅಂಚು ಚರ್ರೆಂದು ಹರಿಯಿತು.

ನೀನು ಓಡಿಬಂದು ಅವಳ ಪಕ್ಕ ನಿಂತೆ. "ಅಮ್ಮಾ, ಏನಾಗಿದೆ ನಿಂಗೆ? ಇಂಥವು ಹತ್ತು ಇದಾವೆ ಮನೇಲಿ!"

ಯಾರು ಯಾರ ಪಕ್ಕ ನಿಂತರು ಅನ್ನುವುದು ನನಗೆ ಕಂಡಿತು. ಮಾರನೇ ದಿನವೇ ಟಿಕೆಟ್ಟು ಬದಲಾಯಿಸು ಅಂದೆ.

ಅದೇ ನೀಲಿಯ ಉಣ್ಣೆ ಕಳಿಸುತ್ತಿದ್ದೇನೆ, ಅಂಚು ಸರಿಮಾಡಿಸು. ಶಾಲು ಅವಳ ಹತ್ತಿರವೇ ಇರಲಿ. ದೊಡ್ಡ ಮನಸ್ಸು ಅಂದುಕೊಳ್ಳಬೇಡ, ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ. ನನ್ನ ಖಾಲಿ ಕೋಣೆಗೆ ಅವಳನ್ನು ಕಳಿಸು ಅಂತಲೂ ಬರೆಯಬೇಕು. ಸರಿ, ಬರೆದೆ.

ಹೊತ್ತು ಹೊತ್ತಿಗೆ ತಿನ್ನು. ನಿನ್ನ ಕೈ ಮುಟ್ಟಿದವರ ನೋವು ಇಳಿಯಲಿ. ನನ್ನ ಆಯುಸ್ಸೂ ಸೇರಿ ನಿನಗೆ ಬರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಶಾಲಿನ ಜಗಳದ ಹಿಂದಿನ ಸಂಜೆ ಅವಳು ನನ್ನನ್ನು ತೋರಿಸಿ ಏನೋ ಕೇಳಿದಳು, ನೀನು ಏನೋ ಹೇಳಿದೆ. ಏನಂತೆ ಅಂತ ನಾನು ಕೇಳಿದೆ. "ನಮ್ಮಜ್ಜಿ ಏನ್ ಮಾಡ್ತಿದ್ರು ಅಂತ ಕೇಳಿದ್ರು. ಅಜ್ಜೀದು ಗಿರಣಿ ಇತ್ತು ಅಂದೆ" ಅಂತ ನೀನು ಹೇಳಿದೆ. ಅವಳು ನನ್ನ ಕೈಯ ಬಳೆ ನೋಡಿ, ಹೌದು ಬಿಡು ಅನ್ನೋ ಹಾಗೆ ತಲೆಯಾಡಿಸಿದಳು. ನೀನು ಸುಳ್ಳು ಹೇಳಲಿಲ್ಲ ಅಂತ ಗೊತ್ತು. ನನ್ನ ಗಿರಣಿ ಪುರಾಣದ ನಡುವೆ ಎದ್ದು ಹೋಗುವಾಗ ಬಾಗಿಲವರೆಗೆ ನಿನ್ನ ಕಿವಿಗೆ ಬಿದ್ದದ್ದು ಅಷ್ಟೇ. ಅಜ್ಜಿಗೆ ಗಿರಣಿ ಇರಲಿಲ್ಲ ಮಗಳೇ. ಅಲ್ಲಿ ಕಸ ಗುಡಿಸುತ್ತಿದ್ದಳು. ನಿನ್ನ ದೊಡ್ಡಮ್ಮನಿಗೆ ಇದನ್ನು ಸರಿಯಾಗಿ ಹೇಳು. ಅವಳಾದರೂ ಕೂತು ಕೇಳಿಸಿಕೊಳ್ಳುತ್ತಾಳೆ.