ಕಿಡ್ನಿ ಟ್ಯೂಬಿನ ನೀಲಿ

ಮಾರ್ಚ್ 3, ಸೋಮವಾರ

ಟ್ಯೂಬ್ ತೊಳೆದದ್ದು ತೊಂಬತ್ತಾರು. ಒಡೆದದ್ದು ಒಂದು. ಬಾಟಲಿ ತೊಳೆಯೋಕೆ ಈ ಲ್ಯಾಬಿಗೆ ಬಂದವನು, ಈಗ ಸೀನಿಯರ್ ಟೆಕ್ನಿಷಿಯನ್ — ತೊಳೆಯೋದು ಮಾತ್ರ ತಪ್ಪಿಲ್ಲ. ತೊಳೆಯೋ ಆ್ಯಸಿಡ್ ಮುಗಿದಿತ್ತು. ಕೊನೇ ರ್‍ಯಾಕನ್ನು ಕ್ಯಾಂಟೀನಿನ ಸೋಪುಪುಡಿ ತಂದು ಉಜ್ಜಿದೆ. ಫಳಫಳ.

ಮಾರ್ಚ್ 4, ಮಧ್ಯಾಹ್ನ

ಪಿಎಚ್‌ಡಿ ಹುಡುಗಿ ಕುಣಿಯೋದೊಂದು ಬಾಕಿ. ಅವಳ ಕೆಲಸ ಇಷ್ಟು: ಜೀವಕೋಶದ ಪೊರೆಯಲ್ಲಿ ಒಂದು ಪಂಪು — ಸೋಡಿಯಂ ಆಚೆ, ಪೊಟ್ಯಾಸಿಯಂ ಒಳಗೆ. ಪಂಪು ದುಡಿದಷ್ಟೂ ಫಾಸ್ಫೇಟ್ ಉದುರುತ್ತೆ. ಬಣ್ಣದ ಮದ್ದು ಹಾಕಿದರೆ ಅಷ್ಟೂ ನೀಲಿ. ಹೋದ ವಾರ ಇಲಿಯ ಮೆದುಳಿಗೆ ಡೋಪಮೈನ್ ಅನ್ನೋ ರಾಸಾಯನಿಕ ಹಾಕಿದಾಗ ನೀಲಿ ಏರಿತ್ತು. ಇವತ್ತು ಕಿಡ್ನಿಯಲ್ಲೂ!

"ಅಂಕಲ್, ಕಿಡ್ನಿಯಲ್ಲಿ ಇಳಿಯುತ್ತೆ ಅಂತ ಎಲ್ಲರೂ ಬರೆದಿದ್ದಾರೆ. ನನ್ನದು ಏರಿದೆ!"

"ಕಿಡ್ನಿಗೂ ತಲೆ ಬಂತೇನಮ್ಮ?"

ನಕ್ಕಳು. ಶುಕ್ರವಾರ ಅವಳ ಗೈಡ್ ಮೇಡಂ ಮುಂದೆ ಇಡ್ತಾಳಂತೆ. ಥೀಸಿಸ್ ನಿಂತಿರೋದೇ ಇದರ ಮೇಲೆ.

ಮಾರ್ಚ್ 6, ಬೆಳಿಗ್ಗೆ 10

ಆ್ಯಸಿಡ್ ಬಂತು. ಸೋಪುಪುಡಿ ಡಬ್ಬ ವಾಪಸ್ ಕೊಡೋ ಮುಂಚೆ ಚೀಟಿ ಓದಿದೆ. ಫಾಸ್ಫೇಟ್. ಆ ರ್‍ಯಾಕಿನ ಉಳಿದ ಟ್ಯೂಬಿಗೆ ಬರೀ ನೀರು, ಬಣ್ಣದ ಮದ್ದು ಹಾಕಿದೆ. ನೀಲಿ. ರಿಜಿಸ್ಟರ್ ನೋಡಿದೆ — ಡೋಪಮೈನ್ ಹಾಕಿದ ಕಿಡ್ನಿ ಟ್ಯೂಬುಗಳಷ್ಟೇ ಆ ರ್‍ಯಾಕಿನವು. ಮಿಕ್ಕವೆಲ್ಲ ಆ್ಯಸಿಡ್ಡಿನಲ್ಲಿ ತೊಳೆದವು. ಏರಿದ್ದು ಪಂಪಲ್ಲ, ನನ್ನ ಸೋಪು.

ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ...

ಅದೇ ದಿನ, ಸಂಜೆ 7

ಹುಡುಗಿಗೆ ಹೇಳಿಬಿಟ್ಟೆ. ಬೈದಿದ್ದರೆ ಹಗುರಾಗ್ತಿತ್ತು. "ಇನ್ಮೇಲೆ ಟ್ಯೂಬ್ ನಾನೇ ತೊಳ್ಕೋತೀನಿ." ಅಷ್ಟೇ. ಅಂಕಲ್ ಅನ್ನಲಿಲ್ಲ.

ಮನೆಯಲ್ಲಿ ಹೆಂಡತಿ: "ಸತ್ಯ ಹೇಳಿ ಬಂದವರ ಮುಖ ಹೀಗೆ ಇಂಗು ತಿಂದ ಮಂಗನ ಹಾಗೆ ಇರುತ್ತಾ?"

ಮಾರ್ಚ್ 13

ವಾರವೆಲ್ಲ ಸಿಂಕಿನ ಹತ್ತಿರ ಅವಳು, ಕಿಟಕಿ ಹತ್ತಿರ ನಾನು. ಎಲ್ಲ ಮೊದಲಿಂದ ಮಾಡಿದಳು. ಮೆದುಳಲ್ಲಿ ಏರಿತು, ಕಿಡ್ನಿಯಲ್ಲಿ ಇಳಿಯಿತು. ಒಂದೇ ಡೋಪಮೈನ್, ಅಂಗಕ್ಕೊಂದು ಗುಣ. ಮೇಡಂ ಅಂದರಂತೆ: "ಹೊಸದಲ್ಲ. ಆದರೆ ನಂಬಬಹುದು." ಥೀಸಿಸ್ ಉಳೀತು. ಇನ್ನು ಹೃದಯ ಒಂದು ಬಾಕಿ.

ಮಾರ್ಚ್ 17, ಬೆಳಿಗ್ಗೆ 9

ನನ್ನ ಮೇಜಿನ ಮೇಲೆ ಒಂದು ರ್‍ಯಾಕು. ಕೊಳೆ ಟ್ಯೂಬ್ ನಲವತ್ತೆಂಟು.

"ಹೃದಯಕ್ಕೆ ಬೇಕು, ಅಂಕಲ್. ನೀವೇ ತೊಳೆದುಕೊಡಿ."

"ನಂಬಿಕೆಯಾ, ಸೋಮಾರಿತನವಾ?"

"ಎರಡೂ."

ಪೆನ್ನು ಇಡಬೇಕು, ಗ್ಲೌಸ್ ಹಾಕ್ಕೋಬೇಕು. ನಲವತ್ತೆಂಟು. ಜೊತೆಗೆ ಬರೀ ನೀರು, ಬಣ್ಣದ ಮದ್ದು ಹಾಕಿ ನೀಲಿ ಬರುತ್ತಾ ನೋಡೋಕೆ ಅಂತ ಇನ್ನೊಂದು —