ಬೀಗ ತೆಗೆದ ಕಂಬಳಿ ಅಂಗಡಿ

ಚಿತ್ರದುರ್ಗ
ಶೋಭಕೃತು ಸಂವತ್ಸರದ ಪುಷ್ಯ ಬಹುಳ ಪಂಚಮಿ

ನನ್ನ ಮುದ್ದಿನ ತಮ್ಮ ರೇವಣಸಿದ್ದನಿಗೆ,

ಮೈಗೆ ಆರಾಮವೇ? ಮಾರಿಕಣಿವೆಯಿಂದ ಬಂದ ಗಾಡಿಯವನು ನಿನಗೆ ಚಳಿಜ್ವರ ಬಂದು ಹೋಯಿತೆಂದ. ಅಣೆಕಟ್ಟೆ ಕೆಲಸದವರಿಗೆಲ್ಲ ಅದು ಬರುತ್ತದಂತೆ. ಅಲ್ಲಿ ನಿನಗೆ ಮೆಣಸಿನ ಕಷಾಯ ಕಾಸಿ ಕೊಡುವವರು ಯಾರಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ಚೆನ್ನಾಗಿದ್ದಾಳೆ. ಅಂಗಳದಲ್ಲಿ ಯಾರ ಹೆಜ್ಜೆ ಸದ್ದಾದರೂ ನೀನೇ ಬಂದೆಯೆಂದು ಏಳುತ್ತಾಳೆ.

ಈಗ ಹೇಳುವುದನ್ನು ಕುಳಿತು ಓದು. ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡವರೆಲ್ಲ ದಸರೆಗೆ ಮೊದಲೇ ಪೇಟೆಗೆ ಮರಳಿದರು. ಎಲ್ಲರ ಅಂಗಡಿಯೂ ತೆರೆಯಿತು, ನಮ್ಮದೊಂದು ಬಿಟ್ಟು. ಗುಡಿಸಲಿನಲ್ಲೇ ಗಂಗಮ್ಮನನ್ನು ಕಳೆದುಕೊಂಡ ಮೇಲೆ ನೀನು ಬೀಗದ ಕೈಯನ್ನು ನನ್ನ ಮಡಿಲಿಗೆ ಹಾಕಿ ಕಣಿವೆಗೆ ಹೊರಟುಹೋದೆ. ನಾನು ತಡೆಯಲಿಲ್ಲ. ಹೆಂಡತಿ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ ಜಾಗದಲ್ಲಿ ಗಂಡ ಹೇಗೆ ವ್ಯಾಪಾರ ಮಾಡಿಯಾನು? ಆದರೆ ಮಳಿಗೆ ನಮ್ಮದಲ್ಲವಲ್ಲ, ಬಾಡಿಗೆಯದು. ಮಾಲೀಕ ಗಂಗಾಧರಪ್ಪನವರು ಮನೆಗೆ ಬಂದರು. ಬಾಡಿಗೆ ತಪ್ಪದೆ ಸಲ್ಲುತ್ತಿದೆಯಲ್ಲ ಎಂದೆ. "ಬಾಡಿಗೆ ಮಾತಲ್ಲ ತಾಯಿ. ಮುಚ್ಚಿದ ಬಾಗ್ಲು ನೋಡಿ ಗಿರಾಕಿ ಆ ಸಾಲಿಗೇ ಬರ್ತಿಲ್ಲ. ಬೀಗ ಜಡ್ದು ಹೋದ್ರೆ ಮಳಿಗೆ ಬಿಡ್ಬೇಕು ಅಂತ ಕರಾರಿನಾಗೇ ಐತೆ" ಎಂದರು. ದಾವಣಗೆರೆಯ ಜವಳಿಯವರೊಬ್ಬರು ಆ ಜಾಗ ಕೇಳಿದ್ದಾರಂತೆ.

ಸೋಮವಾರ ಪೇಟೆಯ ಯಜಮಾನ ಕೆಂಚಪ್ಪನವರನ್ನು ಸಾಕ್ಷಿಗೆ ಕರೆತಂದು ಬೀಗ ಒಡೆಸುತ್ತಾರೆಂದು ತಿಳಿಯಿತು. ಅಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅವ್ವನಿಗೆ ಅಂಬಲಿ ಕೊಟ್ಟು, ನಾನೇ ಹೋಗಿ ಬಾಗಿಲು ತೆಗೆದೆ. ಗಂಡ ಸತ್ತವಳು ಪೇಟೆಯಲ್ಲಿ ಅಂಗಡಿ ತೆಗೆಯುವುದೆಂದರೇನು ಎಂದು ಎದುರು ಸಾಲಿನವರೆಲ್ಲ ನೋಡುತ್ತಿದ್ದರು. ಒಳಗೆ ನುಸಿ ಎಷ್ಟೋ ಕಂಬಳಿಗಳನ್ನು ತಿಂದುಹಾಕಿತ್ತು. ಗಂಗಮ್ಮ ಅರ್ಧ ಅಂಚು ಹೊಲಿದಿಟ್ಟ ಕಂಬಳಿ ಮೂಲೆಯಲ್ಲಿತ್ತು, ಸೂಜಿ ಅದರಲ್ಲೇ. ಅದನ್ನು ಮಡಿಚಿ ಎತ್ತಿಟ್ಟು, ಕಸ ಗುಡಿಸಿ, ನೀನು ಕೂರುತ್ತಿದ್ದ ಕಡೆ ಕೂತೆ. ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಅವರಿಬ್ಬರೂ ಬೀಗ ಒಡೆಯುವ ಬಡಗಿಯೊಂದಿಗೆ ಬಂದರು. ತೆರೆದ ಬಾಗಿಲು ಕಂಡು ಗಂಗಾಧರಪ್ಪನವರ ಮುಖ ಬಿಗಿಯಿತು. "ಕುಂತ್ರೆ ಅಂಗಡಿ ನಡೆಸ್ದಂಗಾಯ್ತೇನಮ್ಮ? ವ್ಯಾಪಾರ ಎಲ್ಲೈತೆ?"

"ಸಂಜೆವರ್ಗೂ ನೋಡ್ರಿ" ಎಂದೆ.

ಕೆಂಚಪ್ಪನವರು ಎದುರಿನ ಜಗಲಿಯ ಮೇಲೆ ಕೂತುಬಿಟ್ಟರು. ಬಿಸಿಲೇರಿತು. ಜನ ಬಂದು ಇಣುಕಿ ಹೋದರೇ ಹೊರತು ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ಬಡಗಿಗೆ ನಿದ್ದೆ ಹತ್ತಿತು. ನನ್ನ ಗಂಟಲು ಒಣಗಿ ಹೋಗಿತ್ತು, ಆದರೂ ನೀರಿಗೆಂದು ಎದ್ದರೆ ಅಂಗಡಿ ಬಿಟ್ಟು ಹೋದಳು ಎಂದಾರೆಂದು ಏಳಲಿಲ್ಲ. ಹೊತ್ತು ವಾಲಿದಾಗ ಜವನಗೊಂಡನಹಳ್ಳಿಯ ಕುರಿಗಾರರ ಮುದ್ದಕ್ಕ ತಲೆಯ ಮೇಲೆ ಕಂಬಳಿಯ ಹೊರೆ ಹೊತ್ತು ಬಂದಳು. ಅಪ್ಪನ ಕಾಲದಿಂದಲೂ ಅವರ ಮನೆಯ ಕಂಬಳಿ ನಮಗೇ ಬರುತ್ತಿತ್ತಲ್ಲ.

"ರೇವಣಣ್ಣ ಎಲ್ಲಿ?" ಎಂದಳು.

"ಇಲ್ಲ ಕಣವ್ವ. ನಾನೇ ಇರೋದು."

ಆಕೆ ಆ ಗಂಡಸರನ್ನೊಮ್ಮೆ ನೋಡಿ ಹೊರೆ ಇಳಿಸಿದಳು. "ಹಂಗಾರೆ ನಿಮಗೇ ಕೊಡ್ತೀನಿ. ಈ ಬಾಗ್ಲು ಮುಚ್ಚಿದಾಗಿಂದ ಕಂಡಕಂಡೋರ ಮುಂದೆ ಬಿಚ್ಚಿ ತೋರ್ಸಿ ಸಾಕಾಗೈತೆ."

ನಾನು ಕಂಬಳಿಯನ್ನು ಅಪ್ಪನ ಹಾಗೆ ಬೆಳಕಿಗೆ ಹಿಡಿದೆ, ನೂಲು ಎಳೆದೆ, ಬೆಲೆ ಹೇಳಿದೆ. ಆಕೆ ಏರಿಸಿದಳು, ನಾನು ಇಳಿಸಿದೆ. ನಮ್ಮ ಜಗ್ಗಾಟ ನೋಡಲು ನಿಂತಿದ್ದ ಹೊಸದುರ್ಗದ ಗಾಡಿಯವನೊಬ್ಬ ಬೆಲೆ ಕುದುರಿದ್ದೇ ತಡ, ಒಂದು ಕಂಬಳಿ ತನಗೆ ಕೊಡೆಂದು ಮೆಟ್ಟಿಲು ಹತ್ತಿದ.

ಕೆಂಚಪ್ಪನವರು ಎದ್ದು ಪಂಚೆ ಕೊಡವಿಕೊಂಡರು. "ಗಂಗಾಧರಪ್ಪ, ಇದು ಮುಚ್ಚಿದ ಅಂಗಡಿ ಅಂತ ನಾನಂತೂ ಸಾಕ್ಷಿ ಹೇಳಾಕಾಗಲ್ಲ."

ಗಂಗಾಧರಪ್ಪನವರು ಕೂಗಾಡಲಿಲ್ಲ. "ಕರಾರು ನಿಮ್ಮ ತಮ್ಮನ ಹೆಸ್ರಿನಾಗೈತೆ. ಶಿವರಾತ್ರಿಯೊಳಗೆ ಅವ್ನು ಬಂದು ಕುಂದ್ರಲಿ. ಇಲ್ಲಾಂದ್ರೆ ಮಳಿಗೆ ಬಿಡ್ರಿ" ಎಂದು ಹೊರಟುಹೋದರು.

ಅವ್ವ ನಿನ್ನನ್ನು ಕೂಡಲೇ ಕರೆಸೆನ್ನುತ್ತಾಳೆ. ಅಪ್ಪನ ಕಾಲದ ಅಂಗಡಿ ಕೈಬಿಟ್ಟರೆ ಹೇಗೆ ಎಂದು ಕೊರಗುತ್ತಾಳೆ. ಇದನ್ನೂ ಬರಿ ಎಂದಳು, ಬರೆದಿದ್ದೇನೆ.

ಗುರುವಿನ ಕರುಣೆ ನಿನ್ನ ಬೆನ್ನಿಗಿರಲಿ. ನೂರು ಕಾಲ ಬಾಳು.

ನಿನ್ನ ಅಕ್ಕ
ಮಹಾದೇವಮ್ಮ

ತಾ.ಕ.: ಅವ್ವನಿಗೆ ಓದಿ ಹೇಳಿದ್ದು ಇಲ್ಲಿಯವರೆಗೆ. ಕಣಿವೆಯ ಗಾಡಿಯವನು ಎತ್ತು ಹೂಡುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಗಂಗಾಧರಪ್ಪನವರ ಮನೆಗೆ ಹೋಗಿ, ಕರಾರನ್ನು ನನ್ನ ಹೆಸರಿಗೆ ಬರೆದುಕೊಡಿ ಎಂದು ಕೇಳಿದೆ. ಪೆಟ್ಟಿಗೆಯಿಂದ ಕರಾರು ತೆಗೆದು ಓದಿಕೊಂಡರು. ಆಮೇಲೆ, ರೇವಣಸಿದ್ದ ಒಪ್ಪಿ ಬಿಟ್ಟುಕೊಟ್ಟರೆ ಆಗಲಿ ಎಂದರು. ಮಳಿಗೆಯನ್ನು ಅಕ್ಕನಿಗೆ ಬಿಟ್ಟೆನೆಂದು ಒಂದು ಸಾಲು ಬರೆದು, ರುಜು ಹಾಕಿ, ಇದೇ ಗಾಡಿಯವನ ಕೈಲಿ ಕಳಿಸು. ಅಲ್ಲಿ ನೀನು ಮತ್ತೆ ಕೂರಲಾರೆ, ನನಗೆ ಗೊತ್ತು. ಕೂರುವುದೂ ಬೇಡ. ಅಂಗಡಿಗೆಂದು ಬರಬೇಡ ರೇವಣ, ಬರಬೇಕೆನಿಸಿದ ದಿನ ಮನೆಗೆ ಬಾ.