ಮರಳುಮೂಟೆಯ ಸವಾರ

ಗ್ಯಾರೇಜು,
ಹದಿನಾಲ್ಕನೇ ತಾರೀಖು, ಭಾನುವಾರ

ರೀ,

ಹೇಗಿದ್ದೀರಿ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಾ? ಹಡಗಿನ ಎಂಜಿನ್ ಕೋಣೆಯ ಸೆಕೆಯಲ್ಲಿ ನಿದ್ದೆಯಾದರೂ ಹತ್ತುತ್ತದೆಯೇ? ನೀವು ಕಳಿಸಿದ ಫೋಟೊ ಬಂತು. ನಿಮ್ಮಮ್ಮ ಕನ್ನಡಕ ಒರೆಸಿ ಒರೆಸಿ ನೋಡಿ, “ಇದೇನೇ ಇವ್ನು ಹೀಗೆ ಇಳಿದೋಗಿದಾನೆ, ಶರ್ಟು ಮೊಳೆಗೆ ನೇತಾಕಿದ ಹಾಗಿದೆಯಲ್ಲೇ” ಅಂದರು. ಫೋಟೊದಲ್ಲಿ ಹಾಗೆ ಕಾಣುತ್ತೆ ಬಿಡಿ ಅಂತ ನಾನೇನೋ ಸಮಾಧಾನ ಹೇಳಿದೆ. ಇಲ್ಲಿ ನಾವಿಬ್ಬರೂ ಕ್ಷೇಮ. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಊಟಕ್ಕೆ ಕೂತರೆ ಅವರು ಟಿವಿ ನೋಡುತ್ತಾರೆ, ನಾನು ಗೋಡೆ ನೋಡುತ್ತೇನೆ.

ನೀವು ರಜಕ್ಕೆ ಬಂದು ಓಡಿಸುತ್ತೇನೆ ಅಂದಿದ್ದ ನೇರ ಓಟದ ಡ್ರ್ಯಾಗ್ ರೇಸು ಬರುವ ತಿಂಗಳೇ ಅಲ್ಲವೇ, ಅದಕ್ಕೇ ಬೈಕಿಗೆ ಕೈ ಹಾಕಿದೆ. ನಿಮಗೆ ಗೊತ್ತಿರುವುದೇ, ಆದರೂ ಹೇಳಿಕೊಳ್ಳಲು ಇನ್ಯಾರಿದ್ದಾರೆ? ರಸ್ತೆಗೆ ಮಾಡಿದ ಬೈಕು ಹಳ್ಳ ದಿಣ್ಣೆಗೆ ತಗ್ಗಿ ಬಗ್ಗಿ ನಡೆಯುವ ಸಾಧು. ನೇರ ಓಟಕ್ಕೆ ತಂದು ಒಮ್ಮೆಲೇ ಆಕ್ಸಿಲರೇಟರ್ ತಿರುಗಿಸಿದರೆ ಹಿಂದೆ ಕುಕ್ಕರಿಸಿ ಮುಂದಿನ ಚಕ್ರ ಎತ್ತಿಬಿಡುತ್ತದೆ. ಹೋದ ಸಲ ನೀವು ಆಕಾಶ ನೋಡಿಕೊಂಡು ಹೊರಟಿದ್ದಿರಲ್ಲ, ಹಾಗೆ. ಈ ಸಲ ಮುಂದಿನ ಚಕ್ರ ಹಿಡಿದಿರುವ ಫೋರ್ಕುಗಳನ್ನು ಕ್ಲಾಂಪಿನಲ್ಲಿ ಎರಡು ಬೆರಳಷ್ಟು ಮೇಲೆ ಸರಿಸಿ ಮೂತಿ ತಗ್ಗಿಸಿದ್ದೇನೆ. ಮೇಲೇಳದ ಹಾಗೆ ಪಟ್ಟಿ ಹಾಕಿ ಬಿಗಿದಿದ್ದೇನೆ. ಇನ್ನುಳಿದದ್ದು ಹಿಂದಿನ ಸ್ಪ್ರಿಂಗು. ಅದನ್ನು ಎಷ್ಟು ಬಿಗಿ ಮಾಡಬೇಕು ಅನ್ನುವುದು ಸವಾರ ಕೂತ ಮೇಲೇ ಗೊತ್ತಾಗುವುದು.

ನಮ್ಮ ಮನೆಯಲ್ಲಿ ಅದು ಮೂವರ ಕೆಲಸ. ಹೆಲ್ಮೆಟ್ಟು ಜಾಕೆಟ್ಟು ಹಾಕಿಕೊಂಡು ನೀವು ಕಾಲೆತ್ತಿ ಕೂರಬೇಕು, ಅತ್ತೆ ಹ್ಯಾಂಡಲ್ ಹಿಡಿಯಬೇಕು, ಸೀಟು ಎಷ್ಟು ಇಳಿಯಿತು ಅಂತ ನಾನು ಟೇಪು ಹಿಡಿದು ಅಳೆಯಬೇಕು. ನೀವೋ ಬೇಕೆಂದೇ ಅಲ್ಲಾಡುತ್ತಿದ್ದಿರಿ. “ಕತ್ತೆ, ಸುಮ್ನೆ ಕೂತ್ಕೊಳೋ, ನನ್ ಸೊಂಟ ಬಿತ್ತು” ಅಂತ ಅತ್ತೆ ಬೈಯುತ್ತಿದ್ದರು. ಒಂದು ಅಳತೆ ಸಿಗಲು ಅರ್ಧ ದಿನ ಹೋಗುತ್ತಿತ್ತು. ಈ ಸಲ ನಾನು ಎರಡು ಚೀಲಕ್ಕೆ ಮರಳು ತುಂಬಿ, ನಿಮ್ಮ ತೂಕಕ್ಕೆ ಸರಿಯಾಗಿ ತೂಗಿ, ಸೀಟಿಗೆ ಕಟ್ಟಿ, ಮೇಲೆ ನಿಮ್ಮ ಜಾಕೆಟ್ಟು ಹೊದಿಸಿದೆ. ಅತ್ತೆ ಹ್ಯಾಂಡಲ್ ಹಿಡಿದು ನಿಂತರು, ಬೈಯಲು ಯಾರೂ ಇರಲಿಲ್ಲ. ಮೊದಲ ಸಲಕ್ಕೇ ಅಳತೆ ಸಿಕ್ಕಿತು. ಅಷ್ಟು ಸಲೀಸಾಗಿ ಸಿಕ್ಕಿದ್ದಕ್ಕೇ ನನಗೆ ಬೇಜಾರಾಯಿತು.

ಆಮೇಲೆ ಬಂತು ಈ ಫೋಟೊ. ನಿಮ್ಮ ತೂಕ ಇಳಿದಿದ್ದರೆ ನನ್ನ ಸ್ಪ್ರಿಂಗು ನಿಮಗೆ ಬಿಗಿಯಾಯಿತು, ಟೈರು ನೆಲ ಕಚ್ಚದೆ ಬರೀ ಗಿರಗಿರ ತಿರುಗುತ್ತದೆ. ಸರಿ, ಫೋಟೊವನ್ನು ಬೆಂಚಿನ ಮೇಲೆ ಒರಗಿಸಿಕೊಂಡು ಚೀಲದಿಂದ ಮರಳು ತೆಗೆಯುತ್ತ ಕೂತೆ. ಕೆನ್ನೆಗಿಷ್ಟು, ಭುಜಕ್ಕಿಷ್ಟು ಅಂತ ಬೊಗಸೆ ಬೊಗಸೆಯಾಗಿ ತೆಗೆದೆ. ಗಂಡ ಎಷ್ಟು ಸವೆದಿದ್ದಾನೆ ಅಂತ ಅಂದಾಜಿನ ಮೇಲೆ ಮರಳು ತೆಗೆಯುವ ಹೆಂಡತಿ ಇನ್ನೊಬ್ಬಳಿದ್ದರೆ ತೋರಿಸಿ. ಅಲ್ಲೇ ನೆಲದ ಮೇಲೆ ಅತ್ತುಬಿಟ್ಟೆ. ನಿಮ್ಮಮ್ಮ ನೋಡಿದರು, ನೋಡದ ಹಾಗೆ ಒಳಗೆ ಹೋದರು.

ಫೋಟೊದ ಜೊತೆಗಿದ್ದ ಕಾಗದವನ್ನೂ ಓದಿದೆ. ಕಂಪನಿಯವರು ಇನ್ನೆರಡು ವರ್ಷಕ್ಕೆ ಸಹಿ ಕೇಳುತ್ತಿದ್ದಾರೆ, ತಿಂಗಳ ಕೊನೆಯೊಳಗೆ ಹೇಳಬೇಕು, ಸಹಿ ಹಾಕಿದರೆ ರಜ ಇಲ್ಲ, ನೀನು ಹೇಳಿದ ಹಾಗೆ ಮಾಡುತ್ತೇನೆ ಅಂತ ಬರೆದಿದ್ದೀರಿ. ನಾನೇನು ಹೇಳಲಿ? ನಿಮ್ಮ ಕೆಲಸ, ನಿಮ್ಮಿಷ್ಟ. ಗ್ಯಾರೇಜು ನಡೆಯುತ್ತಿದೆ, ನಮಗೇನೂ ತೊಂದರೆಯಿಲ್ಲ. ನೀವು ಬಾರದಿದ್ದರೆ ರೇಸಿಗೆ ಪಕ್ಕದ ಅಂಗಡಿಯ ವೆಲ್ಡರ್ ಕೂರಲಿ ಅಂದಿರಲ್ಲ, ಬೆಳಿಗ್ಗೆ ಅವನನ್ನೂ ಕರೆಸಿದೆ. ಪಾಪ, ಒಳ್ಳೆಯವನು, ಗೊಂಬೆಯ ಹಾಗೆ ಅಲ್ಲಾಡದೆ ಕೂತ. ಅವನ ತೂಕಕ್ಕೆ ಸ್ಪ್ರಿಂಗು ತಿರುಗಿಸಬೇಕಿತ್ತು. ಸ್ಪ್ಯಾನರ್ ಹಿಡಿದೆ, ಕೈ ತಿರುಗಲಿಲ್ಲ. ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿದೆ ಅಂತ ಸುಳ್ಳು ಹೇಳಿ ಕಳಿಸಿದೆ. ಹೋದ ವಾರ ನಾನೇ ಗ್ರೀಸು ಹಚ್ಚಿದ್ದ ನಟ್ಟು ಅದು. ನಕ್ಕುಬಿಡಿ.

ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ತಲೆಗೆ ಎಣ್ಣೆ ಹಚ್ಚಿಕೋ, ಬರಿಗಾಲಲ್ಲಿ ಕಬ್ಬಿಣದ ಮೇಲೆ ಓಡಾಡಬೇಡ, ನೂರು ಕಾಲ ಬಾಳು ಅಂತ ಬರೆಸುತ್ತಿದ್ದಾರೆ. ನನ್ನ ಕಡೆಯಿಂದ ಏನು ಬರೆಯಲಿ, ಮೈ ಕಡೆ ನಿಗಾ ಇರಲಿ.

ಇಂತಿ,
ನೀವೇ ಹೆಸರಿಟ್ಟ
ಸ್ಪ್ಯಾನರ್ ರಾಣಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ತೊಂದರೆಯಿಲ್ಲ ಅಂತ ಬರೆದದ್ದೂ ಸುಳ್ಳೇ, ನಟ್ಟಿನ ಹಾಗೆ. ಸಹಿ ಹಾಕಬೇಡಿ. ಈಗ ಎಷ್ಟು ತೂಕ ಇದ್ದೀರಿ ಅಂತಲೂ ಬರೆದು ಕಳಿಸಬೇಡಿ, ಕಾಗದದಲ್ಲಿ ನೀವು ಯಾವಾಗಲೂ ಗಟ್ಟಿಮುಟ್ಟಾಗಿಯೇ ಇರುತ್ತೀರಿ. ಮರಳು ಕೆಳಗೆ ಸುರಿದಿದ್ದೇನೆ, ಸೀಟು ಖಾಲಿಯಿದೆ. ಬಂದು ಕೂತುಕೊಳ್ಳಿ. ಎಷ್ಟು ಬೇಕಾದರೂ ಅಲ್ಲಾಡಿ, ನಾನು ಅಳೆದುಕೊಳ್ಳುತ್ತೇನೆ.